ಸತ್ತದ್ದು ಎರೆಹುಳು, ಪಾಸಾದದ್ದು ಎಲೆ

ಮಳೆ ಬಿದ್ದ ಮಾರನೇ ದಿನ ನಮ್ಮ ತೋಟಕ್ಕೆ ಇಬ್ಬರು ಹುಡುಗರು ಬಂದರು. ಫಾರ್ಮಸಿ ಓದುವವರು. ಒಬ್ಬನ ಕೈಯಲ್ಲಿ ಕುರ್ಪಿ, ಇನ್ನೊಬ್ಬನ ಕೈಯಲ್ಲಿ ಐಸ್‌ಕ್ರೀಂ ಡಬ್ಬಿ. "ಅಂಕಲ್, ಎರೆಹುಳು ಬೇಕಿತ್ತು."

ಮೀನು ಹಿಡಿಯೋಕಾ ಎಂದೆ. "ಅಲ್ಲ ಅಂಕಲ್, ಜಂತುಹುಳುವಿಗೆ ಗಿಡಮೂಲಿಕೆ ಔಷಧಿ ಕಂಡುಹಿಡೀತಿದೀವಿ."

ನನಗೆ ತಲೆಬುಡ ಅರ್ಥವಾಗಲಿಲ್ಲ. ಜಂತುಹುಳು ಇರುವುದು ಕುರಿಯ ಹೊಟ್ಟೆಯಲ್ಲಿ. ಇವರು ಕೆದಕುತ್ತಿರುವುದು ನನ್ನ ಬಾಳೆಬುಡ.

ಆಮೇಲೆ ತಿಳಿಯಿತು, ಇದು ಈ ಇಬ್ಬರ ತರಲೆ ಅಲ್ಲ. ನಮ್ಮ ದೇಶದ ಎಷ್ಟೋ ಕಾಲೇಜುಗಳಲ್ಲಿ ವರ್ಷಗಳಿಂದ ನಡೆದು ಬಂದ ಪದ್ಧತಿ. ಯಾವುದೋ ಎಲೆ ಒಣಗಿಸಿ, ಪುಡಿ ಮಾಡಿ, ಮೆಥನಾಲ್‌ನಲ್ಲಿ ನೆನೆಸಿ ಸಾರ ತೆಗೆಯುವುದು. ಪೆಟ್ರಿ ತಟ್ಟೆಗೆ ಸುರಿದು ಎರೆಹುಳು ಬಿಡುವುದು. ಎಷ್ಟು ನಿಮಿಷಕ್ಕೆ ಮಂಕಾಯಿತು, ಎಷ್ಟು ನಿಮಿಷಕ್ಕೆ ಸತ್ತಿತು ಎಂದು ಗಡಿಯಾರ ನೋಡಿ ಬರೆಯುವುದು. ಸತ್ತಿದೆಯೋ, ಸುಮ್ನೆ ಮಲಗಿದೆಯೋ ಎಂದು ಅನುಮಾನ ಬಂದರೆ 50 ಡಿಗ್ರಿ ಬಿಸಿನೀರಿಗೆ ಅದ್ದುವುದು. ಅಲ್ಲಿಗೆ ಅನುಮಾನವೂ ಹೋಯಿತು, ಹುಳುವೂ ಹೋಯಿತು.

ಎರೆಹುಳುವೇ ಯಾಕೆ? ನೋಡಲು ಹೊಟ್ಟೆಯ ದುಂಡುಹುಳುವಿನ ಹಾಗೇ ಇದೆಯಂತೆ. ಉದ್ದಕ್ಕಿದೆ, ಕಾಲಿಲ್ಲ, ಜಾರುತ್ತದೆ. ಈ ಲೆಕ್ಕದಲ್ಲಿ ಶ್ಯಾವಿಗೆಯೂ ಹತ್ತಿರದ ನೆಂಟನೇ. ಎರೆಹುಳು ಉಸಿರಾಡುವುದು ಒದ್ದೆ ಚರ್ಮದಿಂದ. ಅದಕ್ಕೆ ಉಪ್ಪುನೀರು ಸೋಕಿದರೂ ಸಾಕು, ಒದ್ದಾಡುತ್ತದೆ. ಜಂತುಹುಳು ಗಟ್ಟಿ ಪೊರೆ ಹೊದ್ದು, ಜೀರ್ಣರಸದ ನಡುವೆಯೇ ಸಂಸಾರ ಮಾಡುವ ಜೀವ.

ಲಂಟಾನ ಗಿಡದ ಎಲೆಯೂ ಈ ಪರೀಕ್ಷೆ ಬರೆದಿದೆ. ದನ ಲಂಟಾನ ಮೇಯ್ದರೆ ಕಾಮಾಲೆ ಬರುತ್ತದೆ ಎಂದು ಕಾಡಂಚಿನ ಯಾವ ಗೌಳಿಗನನ್ನು ಕೇಳಿದರೂ ಹೇಳುತ್ತಾನೆ. ಹುಳು ಸಾಯುವಷ್ಟರಲ್ಲಿ ಹಸುವೇ ಇರುವುದಿಲ್ಲ. ಒಂಥರಾ ಅದೂ ಪರಿಹಾರವೇ ಅಲ್ವಾ?

ಎಲೆ ನಿಜಕ್ಕೂ ಒಳ್ಳೆಯದೇ ಎಂದುಕೊಳ್ಳಿ. ತಟ್ಟೆಯಲ್ಲಿ ಒಂದು ಮಿಲಿಲೀಟರಿಗೆ 10 ಮಿಲಿಗ್ರಾಂ ಸಾರ ಹಾಕಿದಾಗ ಹುಳು ಸತ್ತಿತು. ದೊಡ್ಡ ಹಸುವಿನ ಮೊದಲ ಹೊಟ್ಟೆಯೊಂದೇ 100 ಲೀಟರ್ ಹಿಡಿಯುತ್ತದೆ. ಗುಣಿಸಿ ನೋಡಿ. ಒಂದು ಕಿಲೋ ಸಾರ! ಎಲೆಯಲ್ಲ, ಸಾರ. ಅದಕ್ಕೆ ಬೇಕಾದ ಸೊಪ್ಪು ಹೊರಲು ಇನ್ನೊಂದು ಹಸು ಬೇಕು.

ಗಿಡದ ಮೇಲೆ ನನಗೇನೂ ಸಿಟ್ಟಿಲ್ಲ. ಮುತ್ತುಗದ ಬೀಜವನ್ನು ನಮ್ಮಜ್ಜಿ ಕರುಗಳಿಗೆ ಅರೆದು ಕುಡಿಸುತ್ತಿದ್ದರು. ನಾವು ಜಗಿದು ಉಗಿಯುವ ಅಡಿಕೆಯಲ್ಲಿರುವ ಅರೆಕೋಲಿನ್ ಒಂದು ಕಾಲಕ್ಕೆ ನ್ಯೂಜಿಲೆಂಡಿನ ನಾಯಿಗಳ ಲಾಡಿಹುಳುವಿಗೆ ಮದ್ದಾಗಿತ್ತು. ಮಾತ್ರೆಯವರೇನೂ ಸಾಚಾ ಅಲ್ಲ. ತೂಕ ನೋಡದೆ ಅಂದಾಜಿಗೆ ಕುಡಿಸಿ ಕುಡಿಸಿ, ಆಲ್ಬೆಂಡಜೋಲ್ ಎಂಬ ಜಂತಿನ ಔಷಧಿಗೂ ಜಗ್ಗದ ಹುಳುಗಳನ್ನು ನಾವೇ ಸಾಕಿದ್ದೇವೆ. ಹೊಸ ಔಷಧಿ ಬೇಕೇ ಬೇಕು.

ಆ ಆಸೆಗೇ ನಾನೂ ಹೋದ ವರ್ಷ ಒಂದು ಮೇಳದಲ್ಲಿ ಹಸಿರು ಬಾಟಲಿ ಕೊಂಡಿದ್ದೆ. 27 ಗಿಡಗಳ ಸಾರವಂತೆ. ಜಂತು, ಹಸಿವು, ಹಾಲು, ಬೆದೆ ಎಲ್ಲಕ್ಕೂ ಅದೇ. ಅಡ್ಡಪರಿಣಾಮ ಇಲ್ಲ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಅದೊಂದು ಮಾತು ನಿಜವಾಯಿತು. ಪರಿಣಾಮವೂ ಇರಲಿಲ್ಲ. ಮೂರು ವಾರ ಕುಡಿಸಿ ಕುರಿಯ ಕೆಳರೆಪ್ಪೆ ಎಳೆದು ನೋಡಿದೆ. ಕೆಂಪಗಿರಬೇಕಾದ್ದು ಸುಣ್ಣದ ಗೋಡೆಯ ಹಾಗಿತ್ತು. ಡಾಕ್ಟರು ಹಿಕ್ಕೆ ತರಿಸಿ ಮೈಕ್ರೋಸ್ಕೋಪಿನಲ್ಲಿ ಮೊಟ್ಟೆ ಎಣಿಸಿದರು. ಎಣಿಸುತ್ತಲೇ ಇದ್ದರು. ರಕ್ತ ಹೀರುವ ಹೀಮಾಂಕಸ್ ಹುಳು. ಒಂದು ಹೆಣ್ಣು ದಿನಕ್ಕೆ 5,000ಕ್ಕೂ ಹೆಚ್ಚು ಮೊಟ್ಟೆ ಇಡುತ್ತದಂತೆ. ಬಾಟಲಿಯ ಟಾನಿಕ್ ಕುಡಿದು ಹಸಿವು ಹೆಚ್ಚಿದ್ದು ಬಹುಶಃ ಆ ಹುಳುವಿಗೇ.

ಹುಡುಗರ ಡಬ್ಬಿ ತುಂಬಿತು. ಪ್ರಯೋಗದ ಒಂದೊಂದು ಗುಂಪಿಗೆ ಆರು ಹುಳುವಿನಂತೆ ಲೆಕ್ಕ ಹಾಕಿಕೊಂಡರು. ನಾನು ಕೊಟ್ಟಿಗೆಗೆ ಹೋಗಿ ಒಂದು ಕವರ್ ತುಂಬಾ ಬೆಚ್ಚಗಿನ ಹಿಕ್ಕೆ ತಂದೆ. "ತಗೊಳ್ಳಿ, ಇದರಲ್ಲಿ ಅಸಲಿ ಹುಳುವಿನ ಮೊಟ್ಟೆ ಇದೆ. ನಿಮ್ಮ ಸಾರ ಕುರಿಗೆ ಕುಡಿಸೋಣ. ಆಮೇಲೆ ಮತ್ತೆ ಎಣಿಸಿ."

ಇಬ್ಬರೂ ಒಂದು ಹೆಜ್ಜೆ ಹಿಂದೆ ಸರಿದರು.

"ಅಯ್ಯೋ, ವಾಸನೆ ಅಂಕಲ್! ಲ್ಯಾಬಿಗೆ ಬಿಡಲ್ಲ. ಶುಕ್ರವಾರ ಪ್ರಾಜೆಕ್ಟ್ ಕೊಡಬೇಕು."