ಕಲೋನ್ ನಗರದ ಎಡವುಗಲ್ಲುಗಳು

ವ್ಯಾಪಾರ ಮೇಳವೊಂದರಲ್ಲಿ ನಮ್ಮ ಕಂಪನಿಯ ಮಳಿಗೆ ನೋಡಿಕೊಳ್ಳುವ ಕೆಲಸದ ಮೇಲೆ ಒಂದು ವಾರ ಜರ್ಮನಿಯ ಕಲೋನ್ ನಗರದಲ್ಲಿದ್ದೆ. ಊರು ಸುತ್ತಲು ನನಗೆ ಸಿಕ್ಕಿದ್ದು ಸಂಜೆಗಳು ಮತ್ತು ಒಂದು ಭಾನುವಾರ ಮಾತ್ರ. ಜೊತೆಯಲ್ಲಿ ಬಂದಿದ್ದ ಇಬ್ಬರು ಆ ಭಾನುವಾರ ಬೆಳಗಿನ ಜಾವದ ರೈಲು ಹಿಡಿದು ಪ್ಯಾರಿಸ್‌ಗೆ ಹೋಗಿ, ಐಫೆಲ್ ಗೋಪುರದ ಮುಂದೆ ಫೋಟೊ ತೆಗೆಸಿಕೊಂಡು ರಾತ್ರಿಯೊಳಗೆ ಮರಳಿದರು. ಮತ್ತೆ ಯಾವಾಗ ಬರುತ್ತೇವೋ ಎಂಬ ಆತಂಕ ನನಗೂ ಇತ್ತು. ಆದರೂ ನಾನು ಕಲೋನ್‌ನಲ್ಲೇ ಉಳಿದೆ. ಕೆಲಸದ ಮೇಲೆ ಯುರೋಪಿಗೆ ಹೋಗುವ ಗೆಳೆಯರೆಲ್ಲರೂ, ಅದೆಷ್ಟೇ ಸಾಧಾರಣ ಊರಾಗಿರಲಿ, ಕೆಲಸ ಕರೆದೊಯ್ದ ಊರನ್ನೇ ಮೊದಲು ನೋಡಬೇಕು ಎಂದು ಈಗ ಬಲವಾಗಿ ಅನ್ನಿಸುತ್ತಿದೆ.

ಅಲ್ಲಿಗೆ ಹೋದವರೆಲ್ಲ ನೋಡುವ ಕಥೀಡ್ರಲ್ ಅನ್ನು ನಾನೂ ನೋಡಿದೆ, ದಕ್ಷಿಣ ಗೋಪುರದ 533 ಮೆಟ್ಟಿಲುಗಳನ್ನೂ ಹತ್ತಿದೆ. 1248ರಲ್ಲಿ ಆರಂಭವಾದ ಕಟ್ಟಡ ಹದಿನಾರನೆಯ ಶತಮಾನದಲ್ಲಿ ಅರ್ಧಕ್ಕೆ ನಿಂತು, ಕಲ್ಲೆತ್ತುವ ಮರದ ಯಂತ್ರವು ಮೊಂಡು ಗೋಪುರದ ಮೇಲೆ ಹಾಗೆಯೇ ಮುನ್ನೂರು ವರ್ಷ ನಿಂತಿತ್ತಂತೆ. 1842ರಲ್ಲಿ ಮತ್ತೆ ಕೈ ಹಾಕಿ 1880ರಲ್ಲಿ ಮುಗಿಸಿದರು. ಇದನ್ನು ತಿಳಿದಾಗ ಮೇಲುಕೋಟೆಯ ಅರೆಬರೆ ರಾಯಗೋಪುರ ಕಣ್ಣ ಮುಂದೆ ಬಂದಿತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ 157 ಮೀಟರ್ ಎತ್ತರವಲ್ಲ. ಮೂರನೆಯ ಸಂಜೆ ಹೋಟೆಲಿಗೆ ಹಿಂದಿರುಗುವಾಗ ಫುಟ್‌ಪಾತಿನ ಕಲ್ಲುಗಳ ನಡುವೆ ಏನೋ ಹೊಳೆಯಿತು. ಬಗ್ಗಿ ನೋಡಿದರೆ ಅಂಗೈಯಷ್ಟಗಲದ ಮೂರು ಹಿತ್ತಾಳೆ ತಗಡುಗಳು, ಮೇಲೆ ಕೊರೆದ ಅಕ್ಷರಗಳು. ಒಂದರ ಮೇಲೆ ನನ್ನ ಬೂಟುಗಾಲಿತ್ತು. ಅಕ್ಷರವಿರುವ ಕಾಗದಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದವನಾದ್ದರಿಂದ, ಏನು ಬರೆದಿದೆಯೆಂದು ತಿಳಿಯುವ ಮೊದಲೇ ಕೈ ತಾನಾಗಿ ಕೆಳಗಿಳಿಯಿತು. ಹೋಟೆಲಿನ ಕೌಂಟರಿನಲ್ಲಿದ್ದ ಹಿರಿಯ ಮಹಿಳೆ ಫೋನಿನಲ್ಲಿ ನಾನು ತೆಗೆದಿದ್ದ ಚಿತ್ರವನ್ನು ನೋಡಿ ಓದಿ ಹೇಳಿದರು. ‘ಇಲ್ಲಿ ವಾಸವಾಗಿದ್ದರು’ ಎಂಬುದು ಮೊದಲ ಸಾಲು. ಅದರ ಕೆಳಗೆ ಹೆಸರು, ಹುಟ್ಟಿದ ವರ್ಷ, ಸಾಗಿಸಿದ ವರ್ಷ, ಕೊಂದ ಸ್ಥಳ. ತಂದೆ, ತಾಯಿ, ಮಗಳು. ಮಗಳು ಹುಟ್ಟಿದ್ದು 1934ರಲ್ಲಿ, ಮೂವರನ್ನೂ ಇಂದಿನ ಬೆಲಾರುಸ್‌ನ ಮಿನ್ಸ್ಕ್‌ಗೆ ಸಾಗಿಸಿದ್ದು 1942ರಲ್ಲಿ. ಆ ಮಗುವಿಗೆ ಎಂಟು ವರ್ಷ.

ಇವುಗಳಿಗೆ ಜರ್ಮನ್ ಭಾಷೆಯಲ್ಲಿ ಸ್ಟೋಲ್ಪರ್‌ಸ್ಟೈನ್, ಅಂದರೆ ಎಡವುಗಲ್ಲು, ಎಂದು ಹೆಸರು. ಗುಂಟರ್ ಡೆಮ್ನಿಗ್ ಎಂಬ ಕಲಾವಿದರು 1992ರಲ್ಲಿ ಇದೇ ಕಲೋನ್‌ನ ಪುರಭವನದ ಮುಂದೆ ಮೊದಲ ಕಲ್ಲನ್ನು ನೆಟ್ಟರು. ನಾಜಿಗಳು ಹೊತ್ತೊಯ್ದವರು ಕೊನೆಯದಾಗಿ ತಮ್ಮಿಷ್ಟದಿಂದ ವಾಸವಾಗಿದ್ದ ಮನೆಯ ಬಾಗಿಲಲ್ಲಿ, ಒಬ್ಬೊಬ್ಬರಿಗೆ ಒಂದರಂತೆ ನೆಟ್ಟ ಇಂಥ ಕಲ್ಲುಗಳು ಇಂದು ಯುರೋಪಿನಾದ್ಯಂತ ಒಂದು ಲಕ್ಷ ದಾಟಿವೆ. ಆದರೆ ಸತ್ತವರ ಹೆಸರನ್ನು ಜನ ತುಳಿದುಕೊಂಡು ಹೋಗುವುದು ಅವರಿಗೆ ಮಾಡುವ ಅವಮಾನ ಎಂಬ ಆಕ್ಷೇಪವೂ ಎದ್ದಿದೆ. ಮ್ಯೂನಿಕ್ ನಗರವು ಸಾರ್ವಜನಿಕ ರಸ್ತೆಗಳಲ್ಲಿ ಇವನ್ನು ನೆಡಲು ಇದೇ ಕಾರಣಕ್ಕೆ ಒಪ್ಪಲಿಲ್ಲ. ನನ್ನ ಸಂಸ್ಕಾರವೂ ಮೊದಲು ಅದೇ ಪಕ್ಷ ವಹಿಸಿತ್ತು. ಆದರೆ ಮರುದಿನದಿಂದ ಅದೇ ದಾರಿಯಲ್ಲಿ ನಡೆಯುವಾಗ ಆ ಮೂರು ಹೆಸರುಗಳನ್ನು ಓದಲು ಪ್ರತಿ ಸಲವೂ ತಲೆ ಬಗ್ಗಿಸಲೇಬೇಕಾಯಿತು. ಗೋಡೆಯ ಮೇಲಿನ ಫಲಕವಾಗಿದ್ದರೆ ನಾನು ನೋಡದೆಯೇ ಮುಂದೆ ಸಾಗಿರುತ್ತಿದ್ದೆ.

ಭಾನುವಾರ ಎಲ್ ಡೆ ಹೌಸ್ ಎಂಬ ವಸ್ತುಸಂಗ್ರಹಾಲಯಕ್ಕೆ ಹೋದೆ. 1935ರಿಂದ 1945ರವರೆಗೆ ನಾಜಿಗಳ ರಹಸ್ಯ ಪೊಲೀಸ್ ಪಡೆಯಾದ ಗೆಸ್ಟಾಪೊದ ಕಚೇರಿಯಾಗಿದ್ದ ಆ ಕಟ್ಟಡ, ಊರಿನ ನಡುಭಾಗವೆಲ್ಲ ಬಾಂಬ್ ದಾಳಿಯಲ್ಲಿ ನೆಲಸಮವಾದರೂ ಉಳಿದುಕೊಂಡಿತು. ಅದರ ನೆಲಮಾಳಿಗೆಯ ಸೆರೆಕೋಣೆಗಳ ಗೋಡೆಗಳಲ್ಲಿ ಕೈದಿಗಳು ಪೆನ್ಸಿಲು, ಸೀಮೆಸುಣ್ಣ, ಉಗುರುಗಳಿಂದ ಬರೆದ ಸುಮಾರು 1,800 ಬರಹಗಳಿವೆ. ಗಾಜಿನ ಹಿಂದಿನ ಆ ಗೀಚುಗಳ ಮುಂದೆ ನನ್ನೊಂದಿಗಿದ್ದ ಶಾಲಾ ಮಕ್ಕಳ ಗುಂಪೊಂದು ಪಿಸುಮಾತನ್ನೂ ಆಡಲಿಲ್ಲ.

ಅಲ್ಲಿಯೇ ನನಗೆ ತಿಳಿದ ಇನ್ನೊಂದು ಸಂಗತಿಯಿಂದ ಮರುದಿನ ಕೆಲಸಕ್ಕೆ ಹೋಗುವುದೇ ಕಷ್ಟವಾಯಿತು. 1940ರ ಮೇ ತಿಂಗಳಲ್ಲಿ ರೋಮಾ ಮತ್ತು ಸಿಂಟಿ ಎಂಬ ಅಲ್ಪಸಂಖ್ಯಾತ ಸಮುದಾಯಗಳ ಜನರನ್ನು, 1941ರ ಅಕ್ಟೋಬರ್‌ನಿಂದ ಯಹೂದಿಗಳನ್ನು ಕೂಡಿಹಾಕಿದ್ದು ಕಲೋನ್‌ನದೇ ಭಾಗವಾದ ಡಾಯ್ಟ್ಸ್‌ನ ವ್ಯಾಪಾರ ಮೇಳದ ಆವರಣದಲ್ಲಿ. ರೈಲು ಹತ್ತಿಸಿದ್ದು ಪಕ್ಕದ ನಿಲ್ದಾಣದಲ್ಲಿ. ನಾನು ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು, ಬಂದವರಿಗೆ ಕ್ಯಾಟಲಾಗ್ ಹಂಚುತ್ತಿದ್ದದ್ದು ಅದೇ ಆವರಣದಲ್ಲಿ. ಅಲ್ಲೊಂದು ಸ್ಮಾರಕ ಫಲಕವಿದೆ. ಸೋಮವಾರ ಮಳಿಗೆ ತೆರೆಯುವ ಮೊದಲು ಹುಡುಕಿಕೊಂಡು ಹೋಗಿ ಸ್ವಲ್ಪ ಹೊತ್ತು ಅದರ ಮುಂದೆ ನಿಂತೆ.

ಹೊರಡುವ ದಿನ ಬೆಳಿಗ್ಗೆ ಚಕ್ರದ ಸೂಟ್‌ಕೇಸ್ ಎಳೆದುಕೊಂಡು ರೈಲು ನಿಲ್ದಾಣಕ್ಕೆ ನಡೆದೆ. ಆ ಮನೆಯ ಬಾಗಿಲು ಬಂದಾಗ ಸೂಟ್‌ಕೇಸನ್ನು ಕೈಯಲ್ಲಿ ಎತ್ತಿಕೊಂಡು ಮೂರು ಕಲ್ಲುಗಳನ್ನು ದಾಟಿ, ಆಚೆಗೆ ಇಳಿಸಿದೆ.