ತಾತ ಮತ್ತೆ ಹೂತ ಆನೆ ಕಾಸು

ನಮ್ಮಲ್ಲಿ ಮೆಟಲ್ ಡಿಟೆಕ್ಟರ್ ಅಂದರೆ ಮಾಲ್ ಬಾಗಿಲಲ್ಲಿ ಕುಂಯ್ ಅನ್ನುವ ಚೌಕಟ್ಟು. ಇಲ್ಲವೇ ಪೇಪರಿನಲ್ಲಿ ಬರುವ 'ನಿಧಿಗಳ್ಳರ ಬಂಧನ' ಸುದ್ದಿಯ ಫೋಟೊ: ಹಾರೆ, ಗುದ್ದಲಿ, ನಿಂಬೆಹಣ್ಣು, ಪಕ್ಕದಲ್ಲೊಂದು ಡಿಟೆಕ್ಟರ್. ಹಾಗಾಗಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿರುವ ನಾನು, ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರ ಜೊತೆ ಭಾನುವಾರ ಬೆಳಗ್ಗೆ ಡಿಟೆಕ್ಟರ್ ಹಿಡಿದು ಬೀಚಿಗೆ ಹೋಗ್ತೀನಿ ಅಂತ ಫೋನಿನಲ್ಲಿ ಹೇಳಿದಾಗ ಅಮ್ಮ ಗಾಬರಿಯಾದರು. "ಭೂಮಿಲಿ ಸಿಕ್ಕಿದ್ದನ್ನೆಲ್ಲ ಮನೆಗೆ ತರಬೇಡ ಕಣಪ್ಪ, ಯಾರದ್ದೋ ಏನೋ."

ಅಮ್ಮನಿಗೆ ಏನು ಹೇಳಲಿ, ಇದುವರೆಗೆ ಸಿಕ್ಕಿದ್ದರಲ್ಲಿ ಮುಕ್ಕಾಲು ಪಾಲು ಕೋಕ್ ಡಬ್ಬಿ ತೆರೆಯುವ ರಿಂಗು. ತೆಳು ಚಿನ್ನದ ಉಂಗುರಕ್ಕೂ ಈ ಅಲ್ಯೂಮಿನಿಯಂ ರಿಂಗಿಗೂ ಮಷೀನ್ ಹೆಚ್ಚುಕಮ್ಮಿ ಒಂದೇ ದನಿಯಲ್ಲಿ ಕೂಗುತ್ತದೆ, ಅದಕ್ಕೇ ಅಗೆಯದೆ ಬಿಡುವ ಹಾಗಿಲ್ಲ. ಸಮುದ್ರ ಇಳಿದಿರುವ ಹೊತ್ತಿಗೆ ಹೋಗಬೇಕು, ತಟ್ಟೆಯಂಥ ಕಾಯಿಲನ್ನು ಮರಳಿಗೆ ತಾಗಿಯೂ ತಾಗದ ಹಾಗೆ ನಿಧಾನವಾಗಿ ಬೀಸಬೇಕು. ಉಪ್ಪು ನೀರಿನಲ್ಲಿ ಕರೆಂಟ್ ಹರಿಯುತ್ತದಲ್ಲ, ಒದ್ದೆ ಮರಳಿನ ಮೇಲೆ ಅಗ್ಗದ ಮಷೀನ್ ಏನೂ ಇಲ್ಲದಿದ್ದರೂ ಕಿರುಚುತ್ತಲೇ ಇರುತ್ತದೆ. ನನ್ನ ಮೊದಲನೆಯದು ಅಂಥದ್ದೇ. ಎರಡು ವಾರ ಬರೀ ಮರಳು ಅಗೆದೆ. ಆಮೇಲೆ ಒಂದು ದಿನ, ಬೋಂಡ ಎತ್ತುವ ಜಾಲರಿ ಸೌಟಿನ ಅಣ್ಣನಂತಿರುವ ಸ್ಕೂಪನ್ನು ಅಲ್ಲಾಡಿಸಿ ನೋಡಿದರೆ, ಹಸಿರು ಕಿಲುಬು ಹಿಡಿದ ಒಂದು ಪೆನಿ! ಅದಕ್ಕೇ ಕುಣಿದುಬಿಟ್ಟೆ.

ಇಲ್ಲೂ ಎಲ್ಲೆಂದರಲ್ಲಿ ಅಗೆಯುವಂತಿಲ್ಲ. ಪಾರ್ಕುಗಳು ಹೆಚ್ಚಾಗಿ ಕೌನ್ಸಿಲಿನವು, ಅವರ ಒಪ್ಪಿಗೆ ಬೇಕು, ಎಷ್ಟೋ ಕಡೆ ಕೊಡುವುದೇ ಇಲ್ಲ. ಕೊಟ್ಟರೆ ಹುಲ್ಲನ್ನು ಮೂರು ಕಡೆ ಮಾತ್ರ ಕತ್ತರಿಸಿ, ಹೋಳಿಗೆ ಮಗುಚಿದ ಹಾಗೆ ಮಗುಚಿ, ಕೆಲಸ ಮುಗಿದ ಮೇಲೆ ಮುಚ್ಚಿ ತುಳಿದು ಬರಬೇಕು. ಹೊಲವಾದರೆ ಮಾಲೀಕರನ್ನು ಕೇಳಬೇಕು. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿ ಇಲ್ಲದೆ ಡಿಟೆಕ್ಟರ್ ಆಡಿಸಿದರೆ 1979ರ ಕಾಯ್ದೆಯಂತೆ ಅಪರಾಧ.

ನನಗೆ ಬೆರಗು ತಂದದ್ದು ಸಿಕ್ಕಿದ ಮೇಲಿನ ಕಥೆ. 300 ವರ್ಷಕ್ಕಿಂತ ಹಳೆಯ ಚಿನ್ನ ಬೆಳ್ಳಿಯ ವಸ್ತು ಸಿಕ್ಕರೆ 14 ದಿನದೊಳಗೆ ತಿಳಿಸಬೇಕು ಅನ್ನುವುದು 1996ರ ಟ್ರೆಷರ್ ಕಾಯ್ದೆ. ಮ್ಯೂಸಿಯಂಗೆ ಬೇಕೆನಿಸಿದರೆ ಬೆಲೆ ಕಟ್ಟಿ, ಸಾಮಾನ್ಯವಾಗಿ ಹುಡುಕಿದವರಿಗೂ ಜಮೀನಿನವರಿಗೂ ಹಂಚುತ್ತಾರೆ. ಅಷ್ಟು ಬೆಲೆಬಾಳದ ವಸ್ತುವಾದರೂ ತೋರಿಸಲು ಒಬ್ಬರು ಅಧಿಕಾರಿ ಇರುತ್ತಾರೆ, ಇದು 1997ರಲ್ಲಿ ಶುರುವಾದ ಯೋಜನೆ. ಮೇಷ್ಟ್ರಿಗೆ ಒಂದು ಹೊಲದಲ್ಲಿ ಮುರುಕು ಬಕಲ್ ಸಿಕ್ಕಿತ್ತು, ತೋರಿಸಲು ಹೋದಾಗ ಜೊತೆಗೆ ನಾನೂ ಹೋಗಿದ್ದೆ. ಆ ಅಧಿಕಾರಿ ಹೆಂಗಸು ಅದನ್ನು ಭೂತಗನ್ನಡಿಯಲ್ಲಿ ನೋಡಿ, ತೂಗಿ, ಯಾವ ಹೊಲದ ಯಾವ ಮೂಲೆ ಅಂತ ಮ್ಯಾಪಿನಲ್ಲಿ ಗುರುತು ಹಾಕಿಸಿಕೊಂಡರು. ಫೋಟೊ ತೆಗೆದು ದಾಖಲಿಸಲು ಕೆಲವು ವಾರ ಇಟ್ಟುಕೊಂಡು ವಾಪಸ್ ಕೊಟ್ಟರು. ಹೌದು, ವಾಪಸ್! 2023ರಲ್ಲಿ ಹೀಗೆ ಜನ ತಿಳಿಸಿದ ನಿಧಿ ಪ್ರಕರಣಗಳೇ 1,358.

1992ರಲ್ಲಿ ಸಫೋಕ್‌ನ ಹಾಕ್ಸ್‌ನ್ ಹಳ್ಳಿಯಲ್ಲಿ ರೈತರೊಬ್ಬರ ಸುತ್ತಿಗೆ ಕಳೆದುಹೋಯಿತು. ಹುಡುಕಿಕೊಡಲು ಹೋದ ಗೆಳೆಯ ಎರಿಕ್ ಲಾಸ್‌ಗೆ ಸಿಕ್ಕಿದ್ದು ರೋಮನ್ನರ ಕಾಲದ ಚಿನ್ನ ಬೆಳ್ಳಿ, ಸುಮಾರು 15 ಸಾವಿರ ನಾಣ್ಯ. ಸ್ವಲ್ಪ ತೆಗೆದವರು ಅಗೆಯುವುದನ್ನು ನಿಲ್ಲಿಸಿ ತಿಳಿಸಿದರು. ಹಾಗಾಗಿ ಅವನ್ನು ತುಂಬಿ ಹೂತಿದ್ದ ಪೆಟ್ಟಿಗೆಯೊಳಗೆ ಯಾವುದರ ಪಕ್ಕ ಯಾವುದಿತ್ತು ಅನ್ನುವುದೂ ಪುರಾತತ್ವದವರಿಗೆ ಗೊತ್ತಾಯಿತು. ಸುತ್ತಿಗೆಯೂ ಸಿಕ್ಕಿತು, ಈಗ ಅದೂ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಇಲ್ಲಿಯವರೆಲ್ಲ ಸತ್ಯಹರಿಶ್ಚಂದ್ರರು ಅಂತಲ್ಲ. 2015ರಲ್ಲಿ ಲೆಮ್‌ಸ್ಟರ್ ಹತ್ತಿರ ವೈಕಿಂಗ್ ಕಾಲದ ನಾಣ್ಯ ಸಿಕ್ಕಿದ್ದನ್ನು ಮುಚ್ಚಿಟ್ಟು ಮಾರಿದ ಇಬ್ಬರು 2019ರಲ್ಲಿ ಜೈಲಿಗೆ ಹೋದರು. ಸುಮಾರು 300 ಇದ್ದಿರಬಹುದಾದ ನಾಣ್ಯಗಳಲ್ಲಿ ಆಗ ಕೈಗೆ ಬಂದದ್ದು ಮೂವತ್ತು ಚಿಲ್ಲರೆ.

ಹಾಗಾದರೆ ಈ ಹವ್ಯಾಸ ನಮ್ಮೂರಿಗೂ ಬರಲಿ ಅಂತೀಯಾ ಅಂತ ಗೆಳೆಯರು ಕೇಳ್ತಾರೆ. ಬೇಡಪ್ಪ. ಇಲ್ಲಿ ಉತ್ತ ಹೊಲದಲ್ಲಿ ನೇಗಿಲು ಆಗಲೇ ಕಲಕಿದ ಮೇಲ್ಮಣ್ಣಿನಲ್ಲಷ್ಟೇ ಹುಡುಕಿ ಅನ್ನುತ್ತಾರೆ. ನಮ್ಮಲ್ಲಿ ಅಗೆಯಲು ಹೋಗುವುದೇ ದೇವಸ್ಥಾನದ ಬುಡ, ಕೋಟೆಯ ಬುಡ, ಸಮಾಧಿ. 2019ರಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನೇ ಒಡೆದು ಹಾಕಿದರಲ್ಲ, ಭಕ್ತರು ಕೂಡಲೇ ಮತ್ತೆ ಕಟ್ಟಬೇಕಾಯಿತು. ಹಂಪಿಯಲ್ಲೋ ತಲಕಾಡಿನಲ್ಲೋ ಯಾರಾದರೂ ಹವ್ಯಾಸ ಅಂತ ಡಿಟೆಕ್ಟರ್ ಆಡಿಸಿದರೆ ನಾನೇ ಪೊಲೀಸರಿಗೆ ಫೋನ್ ಮಾಡ್ತೀನಿ.

ನನಗೆ ಹೊಟ್ಟೆಕಿಚ್ಚು ಬರುವುದು ಆ ಭೂತಗನ್ನಡಿಯ ಹೆಂಗಸನ್ನು ನೋಡಿ. ಕಾನೂನು ನಮ್ಮಲ್ಲೂ ಇದೆ. 1878ರಲ್ಲೇ ಇದೇ ಬ್ರಿಟಿಷರು ಬರೆದಿಟ್ಟರು: 10 ರೂಪಾಯಿಗಿಂತ ಜಾಸ್ತಿ ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು. ಹುಡುಕಿದವರಿಗೂ ಜಾಗದವರಿಗೂ ಪಾಲು ಇಂತಿಷ್ಟು ಅಂತಲೂ ಅದರಲ್ಲಿದೆ. ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆಯೂ ಇದೆ. ಆದರೆ ಪಾಯ ತೆಗೆಯುವಾಗ ಮಡಕೆ ಸಿಕ್ಕವನ ತಲೆಯಲ್ಲಿ ಪಾಲಿನ ಲೆಕ್ಕ ಓಡುವುದಿಲ್ಲ. ಮನೆ ಕೆಲಸ ನಿಂತುಹೋದರೆ? ಸ್ಟೇಷನ್ನಿಗೆ ಅಲೆಸಿದರೆ? ಉಳಿದದ್ದೆಲ್ಲಿಟ್ಟೆ ಅಂತ ಕೇಳಿದರೆ? ಅದರ ಮೇಲೆ ಕಾಯುವ ಸರ್ಪದ ಭಯ ಬೇರೆ. ಇಂಥವನು ಕಚೇರಿಗೆ ಅರ್ಜಿ ಬರೆಯುವುದಿಲ್ಲ. ತಾಲ್ಲೂಕಿಗೊಬ್ಬರು, ಬೇಡ, ಜಿಲ್ಲೆಗೊಬ್ಬರಾದರೂ 'ತಗೊಂಡು ಬನ್ನಿ, ನೋಡೋಣ, ಗಾಬರಿ ಬೇಡ' ಅನ್ನುವವರು ಇದ್ದರೆ ಬಹುಶಃ ಹೋದಾನು.

ನಮ್ಮ ತಾತನೇ ಹೋಗಿರುತ್ತಿದ್ದರೇನೋ. ನಾನು ಹುಟ್ಟುವ ಮೊದಲಿನ ಮಾತು, ಚನ್ನರಾಯಪಟ್ಟಣದ ಕಡೆ ನಮ್ಮೂರಿನಲ್ಲಿ ಕೊಟ್ಟಿಗೆಗೆ ಪಾಯ ತೆಗೆಯುವಾಗ ಒಂದು ಸಣ್ಣ ಕುಡಿಕೆ ಸಿಕ್ಕಿತಂತೆ. ಒಳಗೆ ಒಂದು ಹಿಡಿ ತಾಮ್ರದ ಕಾಸು, ಒಂದೊಂದರ ಮೇಲೂ ಆನೆ. ಟಿಪ್ಪು ಕಾಲದ್ದೋ ಮುಮ್ಮಡಿಯವರ ಕಾಲದ್ದೋ ಇರಬೇಕು, ಇಬ್ಬರೂ ಆನೆಯ ಕಾಸು ಹೊಡೆಸಿದ್ದರು. ಬೆಲೆ ಅಂಥದ್ದೇನೂ ಇರಲಾರದು. ತಾತ ಯಾರಿಗೂ ಹೇಳದೆ, ರಾತ್ರಿ ಅರಿಶಿನ ಕುಂಕುಮ ಹಾಕಿ, ಅಲ್ಲೇ ಮತ್ತೆ ಹೂತುಬಿಟ್ಟರು.

ಕೊಟ್ಟಿಗೆ ಈಗಿಲ್ಲ, ಅಲ್ಲಿ ಕಾಂಕ್ರೀಟ್ ಹಾಕಿ ಟ್ರ್ಯಾಕ್ಟರ್ ನಿಲ್ಲಿಸುತ್ತಾರೆ. ಹೋದ ಸಲ ಊರಿಗೆ ಹೋದಾಗ, ಒಂದು ಕಾಸಾದರೂ ನೋಡಬೇಕು ಕಣೋ ಅಣ್ಣ ಅಂದೆ. ಅವನು ಟ್ರ್ಯಾಕ್ಟರ್ ಚಕ್ರ ಒರೆಸುತ್ತಿದ್ದವನು ತಲೆ ಎತ್ತದೆ, "ಸುಮ್ನಿರು, ಅಮ್ಮನಿಗೆ ಕೇಳಿಸೀತು" ಅಂದ.