ಸಂಬಳದ ಸಾಲಿನ ಮೇಲೆ ಗೆರೆ ಎಳೆಯಬೇಡಿ

ಹಿರಿಯರಿಗಾಗಿ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆಯ ಲೆಕ್ಕಪತ್ರವನ್ನು ಕೆಲವು ವರ್ಷ ನಾನು ನೋಡಿಕೊಳ್ಳುತ್ತಿದ್ದೆ. ಬಿಡುವಿದ್ದಾಗ ಹೋಗಿ ಕೂತು ಮಾಡುತ್ತಿದ್ದ ಕೆಲಸ. ಅಲ್ಲಿ ನೋಡಿದ ಒಂದು ಬಜೆಟ್ ಹಾಳೆ ಈಗಲೂ ನನ್ನನ್ನು ಕಾಡುತ್ತದೆ.

ಒಂದು ಕಡೆ ಅನುದಾನ ಕೇಳಿ ಅರ್ಜಿ ಹಾಕಿದ್ದೆವು. ಒಪ್ಪಿಗೆಯಾಗಿ ವಾಪಸ್ ಬಂತು. ಗಾಲಿಕುರ್ಚಿ, ವಾಕರ್, ಆರೋಗ್ಯ ತಪಾಸಣೆ ಶಿಬಿರ, ಶಿಬಿರದ ಬ್ಯಾನರ್, ಎಲ್ಲಕ್ಕೂ ಹಣ ಮಂಜೂರಾಗಿತ್ತು. ಕೋಆರ್ಡಿನೇಟರ್ ಸಂಬಳ, ಆಫೀಸಿನ ಬಾಡಿಗೆ, ಫೋನ್ ಬಿಲ್ಲು ಈ ಮೂರು ಸಾಲಿನ ಮೇಲೆ ಮಾತ್ರ ಗೆರೆ ಎಳೆದಿದ್ದರು. ಪಕ್ಕದಲ್ಲಿ ‘ಆಡಳಿತ ವೆಚ್ಚ, ಕೊಡಲಾಗುವುದಿಲ್ಲ’ ಅಂತ ಬರೆದಿದ್ದರು.

ಆ ಕೋಆರ್ಡಿನೇಟರ್ ಹತ್ತಿರ ಒಂದು ದಪ್ಪ ನೋಟ್‌ಬುಕ್ ಇತ್ತು. ಒಂಟಿಯಾಗಿರುವ ಹಿರಿಯರ ಹೆಸರುಗಳು ಅದರಲ್ಲಿದ್ದವು. ಯಾರಿಗೆ ಯಾವ ಕಿವಿ ಕೇಳಿಸುವುದಿಲ್ಲ, ಯಾರ ಮನೆಯ ಇನ್ನೊಂದು ಕೀ ಪಕ್ಕದ ಮನೆಯಲ್ಲಿದೆ, ಯಾರು ಹತ್ತು ಗಂಟೆಗೆ ಮುಂಚೆ ಫೋನ್ ಎತ್ತುವುದಿಲ್ಲ, ಯಾರ ಮಗನಿಗೆ ಯಾವ ಹೊತ್ತಿನಲ್ಲಿ ಫೋನ್ ಮಾಡಬೇಕು, ಯಾರ ಹೆಂಡತಿ ತೀರಿಕೊಂಡ ದಿನ ಯಾವುದು. ಆ ಕೊನೆಯದನ್ನು ಯಾವ ಅರ್ಜಿಯೂ ಕೇಳುವುದಿಲ್ಲ. ಆದರೆ ಆ ದಿನ ಅವರು ತಪ್ಪದೆ ಫೋನ್ ಮಾಡುತ್ತಿದ್ದರು.

ಸ್ವಯಂಸೇವಕರನ್ನು ಆರಿಸುವ ಕೆಲಸವೂ ಅವರದೇ. ಒಂಟಿಯಾಗಿರುವ ಅಜ್ಜಿಯೊಬ್ಬರ ಮನೆಗೆ ಪರಿಚಯವಿಲ್ಲದವರನ್ನು ಸುಮ್ನೆ ಕಳಿಸಲಾಗುತ್ತದಾ? ಅವರ ಹಿನ್ನೆಲೆ ವಿಚಾರಿಸಬೇಕು. ಮರೆವಿನ ಕಾಯಿಲೆ ಇರುವವರ ಜೊತೆ ಹೇಗೆ ಮಾತಾಡಬೇಕು, ಹಣ ಅಥವಾ ಸಹಿಯ ವಿಷಯ ಬಂದರೆ ಯಾಕೆ ಕೈ ಹಾಕಬಾರದು, ಮೈಮೇಲೆ ಗಾಯದ ಗುರುತು ಕಂಡರೆ ಯಾರಿಗೆ ಹೇಳಬೇಕು ಅಂತ ಕಲಿಸಬೇಕು. ಮೊದಲ ಎರಡು ಮೂರು ಸಲ ಜೊತೆಗೆ ಹೋಗಬೇಕು. ಹಿರಿಯರನ್ನು ಮೋಸದಿಂದ, ಹಿಂಸೆಯಿಂದ ಕಾಪಾಡುವುದು ಈ ಕೆಲಸವೇ. ಬಜೆಟ್ ಹಾಳೆಯಲ್ಲಿ ಅದರ ಹೆಸರು ‘ಆಡಳಿತ ವೆಚ್ಚ’.

ಕೋರ್ ಫಂಡಿಂಗ್ ಅಂದರೆ ಗೆರೆ ಎಳೆದ ಆ ಸಾಲುಗಳಿಗೆ ಹಣ ಕೊಡುವುದು. ಒಂದು ಕಾರ್ಯಕ್ರಮಕ್ಕೆ, ಒಂದು ವಸ್ತುವಿಗೆ ಅಂತ ಕಟ್ಟಿಹಾಕದೆ, ಸಂಸ್ಥೆ ನಿಂತಿರಲು ಬೇಕಾದ ಸಂಬಳ, ಬಾಡಿಗೆ, ಆಡಿಟ್, ವಿಮೆ, ತರಬೇತಿ ಇವಕ್ಕೆ ಬಳಸಿಕೊಳ್ಳಿ ಅಂತ ಕೊಡುವ ಹಣ. ಇದು ಎಲ್ಲ ಸಂಸ್ಥೆಗಳಿಗೂ ಬೇಕು. ಆದರೆ ಹಿರಿಯರ ಜೊತೆ ಕೆಲಸ ಮಾಡುವವರಿಗೆ ಇನ್ನೂ ಜಾಸ್ತಿ ಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಯಾಕೆ ಅಂದರೆ ಹಿರಿಯರಿಗೆ ನಂಬಿಕೆ ಬರಲು ಸಮಯ ಬೇಕು. ಮೊದಲ ಸಲ ಹೋದಾಗ ಬಾಗಿಲು ಅರ್ಧ ತೆರೆದು ‘ಏನೂ ಬೇಡಪ್ಪ, ಚೆನ್ನಾಗಿದ್ದೀನಿ’ ಅಂದು ಕಳಿಸುತ್ತಾರೆ. ಐದನೇ ಸಲ ಒಳಗೆ ಕೂರಿಸುತ್ತಾರೆ. ರಾತ್ರಿ ಬಾತ್‌ರೂಮಿಗೆ ಹೋಗುವಾಗ ಬಿದ್ದಿದ್ದನ್ನು, ಮಗನಿಗೂ ಹೇಳದೆ ಮುಚ್ಚಿಟ್ಟಿದ್ದನ್ನು ಬಾಯಿಬಿಡಲು ಕೆಲವೊಮ್ಮೆ ಒಂದು ವರ್ಷವೇ ಬೇಕಾಗುತ್ತದೆ. ಅಷ್ಟರಲ್ಲಿ ಒಂದು ವರ್ಷದ ಪ್ರಾಜೆಕ್ಟ್ ಮುಗಿದಿರುತ್ತದೆ. ಕೆಲಸಗಾರರು ಬೇರೆ ಕಡೆ ಹೋಗಿರುತ್ತಾರೆ. ಹೊಸ ಪ್ರಾಜೆಕ್ಟ್‌ನಲ್ಲಿ ಹೊಸ ಹುಡುಗಿ ಬಂದು ಬಾಗಿಲು ತಟ್ಟಿದರೆ ಮತ್ತೆ ಅದೇ ಅರ್ಧ ಬಾಗಿಲು. ಎರಡು ಸಲ ಹೀಗಾದ ಮೇಲೆ ಒಬ್ಬರು ತಾತ ನನಗೆ ನೇರವಾಗಿಯೇ ಹೇಳಿದರು: ‘ನೀವೆಲ್ಲ ಬರ್ತೀರಿ, ಹೆಸರು ಬರ್ಕೊಳ್ತೀರಿ, ಹೋಗ್ತೀರಿ. ನಾನು ಎಷ್ಟು ಸಲ ಮೊದಲಿಂದ ಹೇಳ್ಲಿ?’ ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನೊಂದು ವಿಷಯ ನನಗೆ ಅರ್ಥವಾಗಿದ್ದು ತುಂಬಾ ತಡವಾಗಿ. ಅನುದಾನ ಕೊಡುವವರ ರಿಪೋರ್ಟಿನಲ್ಲಿ ‘ಫಲಾನುಭವಿಗಳಲ್ಲಿ ಆದ ಸುಧಾರಣೆ’ ಅನ್ನುವ ಒಂದು ಕಾಲಂ ಇರುತ್ತದೆ. ಮಕ್ಕಳಿಗೆ ಪಾಠ ಹೇಳುವ ಸಂಸ್ಥೆ ಅದನ್ನು ತುಂಬಬಹುದು. ಕೆಲಸ ಕಲಿಸುವ ಸಂಸ್ಥೆಯೂ ತುಂಬಬಹುದು. 87 ವರ್ಷದವರ ವಿಷಯದಲ್ಲಿ ಏನು ಬರೆಯುವುದು? ಕಳೆದ ವರ್ಷ ಒಬ್ಬರೇ ಸ್ನಾನ ಮಾಡುತ್ತಿದ್ದರು, ಈ ವರ್ಷವೂ ಮಾಡುತ್ತಿದ್ದಾರೆ. ಅಷ್ಟೇ. ಆ ‘ಅಷ್ಟೇ’ ಹಿಂದೆ ನೂರಾರು ಭೇಟಿ ಇರುತ್ತದೆ, ಬಾತ್‌ರೂಮಿನಲ್ಲಿ ಹಾಕಿಸಿದ ಹಿಡಿಕೆ ಇರುತ್ತದೆ, ಮಾತ್ರೆ ಬದಲಾದಾಗ ಡಾಕ್ಟರಿಗೆ ಮಾಡಿದ ಫೋನ್ ಇರುತ್ತದೆ. ಬೀಳದೇ ಇದ್ದದ್ದನ್ನು ಎಣಿಸುವುದು ಹೇಗೆ? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಪ್ರತಿ ವರ್ಷ ಜಗತ್ತಿನಲ್ಲಿ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಅವರಲ್ಲಿ 60 ದಾಟಿದವರೇ ಹೆಚ್ಚು. ಹಾಗೆ ಬಿದ್ದವರ ಲೆಕ್ಕ ಸಿಗುತ್ತದೆ. ಬೀಳದಂತೆ ನೋಡಿಕೊಂಡವರ ಲೆಕ್ಕ ಯಾವ ಕಾಲಂನಲ್ಲೂ ಕೂರುವುದಿಲ್ಲ. ಅದಕ್ಕೇ ಪ್ರಾಜೆಕ್ಟ್ ಹಣ ಎಣಿಸಲು ಸಿಗುವ ವಾಕರ್ ಕಡೆಗೆ, ಶಿಬಿರದ ಕಡೆಗೆ ಹರಿಯುತ್ತದೆ. ವಾಕರ್ ಬೇಕು, ಖಂಡಿತ ಬೇಕು. ಆದರೆ ಅದು ಮೂಲೆ ಸೇರಿದೆಯಾ, ಎತ್ತರ ಸರಿಯಾಗಿದೆಯಾ ಅಂತ ಮತ್ತೆ ಹೋಗಿ ನೋಡುವ ಮನುಷ್ಯ ಬೇಡವಾ?

ಬರೀ ಮಾತಾಡಿಸಿ ಬರುವುದರಿಂದ ಏನು ಉಪಯೋಗ ಅನ್ನುವವರೂ ಸಿಕ್ಕಿದ್ದಾರೆ. 2010ರಲ್ಲಿ ಅಮೆರಿಕದ ಮನಶ್ಶಾಸ್ತ್ರ ಸಂಶೋಧಕಿ ಜೂಲಿಯಾನ್ ಹೋಲ್ಟ್-ಲುನ್‌ಸ್ಟಾಡ್ ಮತ್ತು ಅವರ ಜೊತೆಗಾರರು 148 ಅಧ್ಯಯನಗಳನ್ನು, 3 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿದರು. ಜನರ ಜೊತೆ ಗಟ್ಟಿ ನಂಟು ಇದ್ದವರು ಬದುಕುಳಿಯುವ ಸಾಧ್ಯತೆ ಶೇ 50ರಷ್ಟು ಹೆಚ್ಚಿತ್ತು. ಎಲ್ಲ ವಯಸ್ಸಿನವರೂ ಸೇರಿದ ಲೆಕ್ಕ ಅದು. ಜೊತೆಯವರೆಲ್ಲ ಒಬ್ಬೊಬ್ಬರಾಗಿ ಹೋದ ಮೇಲೆ ಉಳಿದವರಿಗೆ ಆ ನಂಟು ತಾನಾಗಿ ಹುಟ್ಟುವುದಿಲ್ಲ. ಯಾರಾದರೂ ಹೋಗಿ ಕಟ್ಟಬೇಕು. ಇನ್ನು ಸಂಖ್ಯೆ ನೋಡಿ: 2020ರಲ್ಲಿ ಜಗತ್ತಿನಲ್ಲಿ 60 ದಾಟಿದವರು 100 ಕೋಟಿ ಇದ್ದರು, 2030ಕ್ಕೆ 140 ಕೋಟಿ, 2050ಕ್ಕೆ 210 ಕೋಟಿ ಆಗುತ್ತಾರೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

‘ಆಡಳಿತಕ್ಕೆ ಕಡಿಮೆ ಖರ್ಚು ಮಾಡುವ ಸಂಸ್ಥೆಯೇ ಪ್ರಾಮಾಣಿಕ ಸಂಸ್ಥೆ’ ಅನ್ನುವ ನಂಬಿಕೆ ನಮ್ಮೆಲ್ಲರಲ್ಲೂ ಇದೆ. ನನಗೂ ಇತ್ತು. ದಾನ ಕೊಡುವಾಗ ನಾನೂ ಮೊದಲು ಕೇಳುತ್ತಿದ್ದದ್ದು ಅದನ್ನೇ. ಈ ನಂಬಿಕೆ ಏನು ಮಾಡುತ್ತದೆ ಅಂತ 2009ರಲ್ಲಿ ಅಮೆರಿಕದಲ್ಲಿ ಇಂಥ ಸಂಸ್ಥೆಗಳಿಗೆ ಸಲಹೆ ಕೊಡುತ್ತಿದ್ದ ಆನ್ ಗಾಗಿನ್ಸ್ ಗ್ರೆಗರಿ ಮತ್ತು ಡಾನ್ ಹೋವರ್ಡ್ ಬರೆದಿದ್ದರು. ಹಣ ಕೊಡುವವರು ಆಗದ ಹೋಗದ ಕಡಿಮೆ ಖರ್ಚನ್ನು ನಿರೀಕ್ಷಿಸುತ್ತಾರೆ. ಸಂಸ್ಥೆಗಳು ಹೆದರಿ ಇನ್ನೂ ಕಡಿಮೆ ತೋರಿಸುತ್ತವೆ. ಅದನ್ನು ನೋಡಿ ಕೊಡುವವರ ನಿರೀಕ್ಷೆ ಇನ್ನಷ್ಟು ಇಳಿಯುತ್ತದೆ. ಸಂಸ್ಥೆ ಒಳಗೊಳಗೇ ಸೊರಗುತ್ತದೆ. ಆ ಚಕ್ರವನ್ನು ಅವರು ‘ಹಸಿವಿನ ಚಕ್ರ’ ಅಂತ ಕರೆದರು. ನಮ್ಮ ಲೆಕ್ಕದ ಪುಸ್ತಕದಲ್ಲಿ ನಾನು ಅದನ್ನು ಕಣ್ಣಾರೆ ನೋಡಿದ್ದೇನೆ. ಕೋಆರ್ಡಿನೇಟರ್ ಸಂಬಳವನ್ನು ನಾಲ್ಕು ತುಂಡು ಮಾಡಿ ನಾಲ್ಕು ಪ್ರಾಜೆಕ್ಟ್‌ಗಳಲ್ಲಿ ತೋರಿಸುತ್ತಿದ್ದೆವು. ಎರಡು ಪ್ರಾಜೆಕ್ಟ್ ಮುಗಿದ ತಿಂಗಳು ಅರ್ಧ ಸಂಬಳ. ಹಣದ ಮುಂದಿನ ಕಂತು ರಿಪೋರ್ಟ್ ಕೊಟ್ಟ ಮೇಲೆ ಬರುತ್ತಿತ್ತು, ರಿಪೋರ್ಟ್ ಬರೆಯಬೇಕಾದವರು ಆ ಅರ್ಧ ಸಂಬಳದವರೇ.

ಬದಲಾವಣೆ ಆಗಿಯೇ ಇಲ್ಲ ಅಂತಲ್ಲ. ಅಮೆರಿಕದ ದಾನಿ ಸಂಸ್ಥೆ ಫೋರ್ಡ್ ಫೌಂಡೇಶನ್ ‘ಬಿಲ್ಡ್’ ಅನ್ನುವ 100 ಕೋಟಿ ಡಾಲರ್‌ನ ಯೋಜನೆ ಮಾಡಿ ಸಂಸ್ಥೆಗಳಿಗೆ 5 ವರ್ಷದ ಅನುದಾನ ಕೊಟ್ಟಿತು. ಅಲ್ಲಿನ ದೊಡ್ಡ ದಾನಿ ಮೆಕೆಂಜಿ ಸ್ಕಾಟ್ ಸಾವಿರಕ್ಕೂ ಹೆಚ್ಚು ಸಂಸ್ಥೆಗಳಿಗೆ ಇದಕ್ಕೇ ಬಳಸಿ ಅನ್ನುವ ಷರತ್ತಿಲ್ಲದೆ ಹಣ ಕೊಟ್ಟಿದ್ದಾರೆ. 2020ರಲ್ಲಿ ಕೋವಿಡ್ ಬಂದಾಗ ನೂರಾರು ದಾನಿ ಸಂಸ್ಥೆಗಳು ಕೊಟ್ಟ ಹಣದ ಮೇಲಿನ ಕಟ್ಟು ಸಡಿಲಿಸಿದವು. ಆ ತಿಂಗಳುಗಳನ್ನು ನೆನಪಿಸಿಕೊಳ್ಳಿ. ಮನೆಯೊಳಗೆ ಸಿಕ್ಕಿಕೊಂಡ ಹಿರಿಯರು ಎಲ್ಲಿದ್ದಾರೆ, ಯಾರಿಗೆ ಔಷಧಿ ಮುಗಿದಿರಬಹುದು ಅಂತ ಮೊದಲ ದಿನವೇ ಗೊತ್ತಿದ್ದದ್ದು ಇಂಥ ನೋಟ್‌ಬುಕ್ ಇಟ್ಟುಕೊಂಡಿದ್ದ ಸಣ್ಣ ಸಂಸ್ಥೆಗಳಿಗೆ. ಆ ಪಟ್ಟಿ ಒಂದೇ ದಿನದಲ್ಲಿ ಆದದ್ದಲ್ಲ ಅಲ್ವಾ?

ಹಣ ದುರ್ಬಳಕೆ ಆದರೆ? ಈ ಪ್ರಶ್ನೆ ನ್ಯಾಯವಾದದ್ದೇ. ಹಿರಿಯರ ಹೆಸರಿನಲ್ಲಿ ದುಡ್ಡು ಮಾಡುವವರು ಇದ್ದಾರೆ, ಅವರನ್ನು ಹಿಡಿಯಲೇಬೇಕು. ಆದರೆ ಗೆರೆ ಎಳೆಯುವುದರಿಂದ ಅವರು ಸಿಕ್ಕಿಬೀಳುವುದಿಲ್ಲ. ಮೋಸ ಮಾಡುವವರಿಗೆ ವಾಕರ್ ಬಿಲ್ಲಿನಲ್ಲೂ ಮೋಸ ಮಾಡಲು ಬರುತ್ತದೆ. ಆಡಿಟ್ ಆದ ಲೆಕ್ಕ ಕೇಳಿ. ಆಡಳಿತ ಮಂಡಳಿಯಲ್ಲಿ ಯಾರಿದ್ದಾರೆ, ಎಷ್ಟು ಸಲ ಸೇರುತ್ತಾರೆ ನೋಡಿ. ಹೇಳದೆ ಕೇಳದೆ ಒಂದು ದಿನ ಹೋಗಿ. ಇಬ್ಬರು ಮೂವರು ಹಿರಿಯರ ಜೊತೆ ಕೂತು ಮಾತಾಡಿ. ನಂಬಿಕೆ ಬಂದರೆ ಒಂದು ವರ್ಷಕ್ಕಲ್ಲ, ಮೂರು ವರ್ಷಕ್ಕೆ ಕೊಡಿ. ಕಷ್ಟ ಬಂದರೆ ಮೂರು ತಿಂಗಳು ಸಂಬಳ ಕೊಡುವಷ್ಟು ಮೀಸಲು ಹಣ ಇಟ್ಟುಕೊಳ್ಳಲು ಬಿಡಿ. ಬ್ಯಾಂಕಿನಲ್ಲಿ ಸ್ವಲ್ಪ ಹಣ ಉಳಿದಿದೆ ಅಂತ ಅರ್ಜಿ ತಿರಸ್ಕರಿಸಿದ್ದನ್ನೂ ನಾನು ನೋಡಿದ್ದೇನೆ. ಮನೆ ನಡೆಸುವವರು ಉಳಿತಾಯ ಮಾಡಿದರೆ ಜಾಣರು ಅನ್ನುತ್ತೇವೆ. ಸಂಸ್ಥೆ ಮಾಡಿದರೆ ಯಾಕೆ ಅನುಮಾನ?

ದೊಡ್ಡ ದಾನಿಗಳ ಮಾತಷ್ಟೇ ಅಲ್ಲ ಇದು. ಹುಟ್ಟುಹಬ್ಬಕ್ಕೋ ಅಪ್ಪ ಅಮ್ಮನ ನೆನಪಿಗೋ ಏನಾದರೂ ಕೊಡಬೇಕು ಅಂತ ಸಂಸ್ಥೆಗೆ ಫೋನ್ ಮಾಡುತ್ತೀರಲ್ಲ, ಆಗ ‘ಯಾವ ವಸ್ತು ಕೊಡಿಸಲಿ’ ಅನ್ನುವ ಬದಲು ‘ಈ ತಿಂಗಳು ಯಾವ ಬಿಲ್ಲು ಕಟ್ಟಲು ಕಷ್ಟ ಆಗಿದೆ’ ಅಂತ ಕೇಳಿ ನೋಡಿ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರುವುದಿಲ್ಲ. ಯಾರೂ ಹಾಗೆ ಕೇಳಿರುವುದಿಲ್ಲ.

ಆ ಗೆರೆ ಬಿದ್ದ ಮೇಲೆ ನಮ್ಮ ಕೋಆರ್ಡಿನೇಟರ್ ಐದು ತಿಂಗಳು ಹೇಗೋ ತಡೆದುಕೊಂಡರು. ಆಮೇಲೆ ಬೇರೆ ಕೆಲಸಕ್ಕೆ ಸೇರಿದರು. ಅವರ ಮೇಲೆ ನನಗೆ ಒಂದಿಷ್ಟೂ ಬೇಸರವಿಲ್ಲ. ನೋಟ್‌ಬುಕ್ಕನ್ನು ನಮಗೇ ಕೊಟ್ಟು ಹೋದರು. ಅದನ್ನು ಓದಿಕೊಂಡು ಫೋನ್ ಮಾಡಲು ಹೊಸಬರು ಬರಲು ಏಳು ತಿಂಗಳು ಬೇಕಾಯಿತು. ಅಷ್ಟರಲ್ಲಿ ಅದರಲ್ಲಿದ್ದ ಕೆಲವು ನಂಬರ್‌ಗಳಿಗೆ ಮನೆಯ ಬೇರೆಯವರು ಉತ್ತರಿಸಿದರು. ‘ಅವರು ಹೋದ ತಿಂಗಳೇ ತೀರಿಕೊಂಡ್ರು’ ಅಂದರು.

ಆಫೀಸಿನ ಫೋನ್ ಕಟ್ ಆದಾಗ ಆ ಕೋಆರ್ಡಿನೇಟರ್ ತಮ್ಮ ಸ್ವಂತ ನಂಬರನ್ನೇ ಹಿರಿಯರಿಗೆ ಕೊಟ್ಟಿದ್ದರಂತೆ. ಈಗಲೂ ಮೂವರು ಸಂಜೆ ಹೊತ್ತು ಅವರಿಗೇ ಫೋನ್ ಮಾಡುತ್ತಾರೆ. ಹೊಸ ಆಫೀಸಿನಲ್ಲಿ ಎದ್ದು ಹೊರಗೆ ಬಂದು ಅವರು ಎತ್ತುತ್ತಾರೆ.